ರಟ್ಟೆ ಹಿಡಿದು ಎತ್ತಿದವಳು ನಾನು

ರೇಣುಕಾ, ನಿನ್ನ ಮಗಳ ಹೆಗಲಿನ ಎಲುಬು ಮುರಿದದ್ದು ನಿನ್ನ ಕೈಯಿಂದಲ್ಲ, ನನ್ನ ಕೈಯಿಂದ. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು. ಫೋನಿನಲ್ಲಿ ಎಷ್ಟೋ ಸಲ ಬಾಯಿ ತೆರೆದೆ — ನೀನು ಊಟ ಆಯಿತೇ ಎಂದು ಕೇಳುತ್ತಿದ್ದೆ, ನಾನು ಆಯಿತು ಎನ್ನುತ್ತಿದ್ದೆ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಸಾಕಾಗಿದೆ. ಮುಚ್ಚಿಟ್ಟು ಮುಚ್ಚಿಟ್ಟು ದಣಿದಿದ್ದೇನೆ.

ನಿನಗೆ ತಾಯಿ ಇರಲಿಲ್ಲ. ನಿನ್ನ ಗಂಡನ ಅಕ್ಕನಾದ ನಾನೇ ಬಾಣಂತನಕ್ಕೆಂದು ಕೊಪ್ಪಳದ ಕಡೆಯಿಂದ ಹೆಬ್ಬಗೋಡಿಯ ನಿಮ್ಮ ಮನೆಗೆ ಬಂದೆ. ನಾನು ಅಂಗನವಾಡಿ ಟೀಚರು, ಊರಿನ ಬಾಣಂತಿಯರಿಗೆಲ್ಲ ಪಾಠ ಹೇಳುವವಳು. ಕತ್ತಿನ ಕೆಳಗೆ ಒಂದು ಕೈ, ಕುಂಡಿಯ ಕೆಳಗೆ ಇನ್ನೊಂದು. ನೀನೇ ಕೂಸಿನ ಹತ್ತಿರ ಬಾಗು. ಎಂಥ ಅವಸರವಿದ್ದರೂ ರಟ್ಟೆ ಹಿಡಿದು ಎತ್ತಬೇಡ — ನಿನಗೂ ಇದನ್ನೇ ಹೇಳಿದ್ದೆ. ತಮ್ಮ ಬಸವರಾಜ ಫ್ಯಾಕ್ಟರಿಗೆ ಹೋದ ಮೇಲೆ ಆ ಶೀಟಿನ ಮನೆಯಲ್ಲಿ ನಾವಿಬ್ಬರು ಮತ್ತು ಕೂಸು.

ಆದರೆ ಕೂಸಿಗೆ ಎರೆಯಲು ಕೂತಾಗ ನಾನು ಟೀಚರಲ್ಲ, ನಮ್ಮವ್ವನ ಮಗಳು. ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆದು, ಕೊನೆಗೆ ಮೈ ಗಟ್ಟಿಯಾಗಲೆಂದು ಎರಡೂ ರಟ್ಟೆ ಹಿಡಿದು ಮೇಲೆತ್ತಿ ಜಾಡಿಸುವುದು ನಮ್ಮ ಮನೆಯ ರೂಢಿ. ಊರಿಗೆಲ್ಲ ಬೇಡವೆಂದದ್ದನ್ನು ನನ್ನ ಕೈ ತಾನಾಗಿ ಮಾಡುತ್ತಿತ್ತು. ಆ ದಿನ ಎಣ್ಣೆಗೆ ಒಂದು ರಟ್ಟೆ ಜಾರಿತು — ಕೂಸು ಇನ್ನೊಂದರಲ್ಲೇ ಜೋತುಬಿತ್ತು. ಅವಚಿಕೊಂಡೆ. ಆ ಅಳು ಬೇರೆಯೇ ಆಗಿತ್ತು. ನೀನು ಎದ್ದು ಬಂದು ಕೇಳಿದಾಗ ನೀರು ಬಿಸಿಯಾಗಿತ್ತು ಎಂದೆ.

ಸಂಜೆಗೆ ಕೂಸು ಆ ಕೈ ಅಲುಗಿಸಲಿಲ್ಲ. ಡಾಕ್ಟರು ನೋಡಿ, ಎಲುಬು ತಾನೇ ಕೂಡಿಕೊಳ್ಳುತ್ತದೆ, ಹೆದರಬೇಡಿ ಎಂದರು. ಯಾರು ರಟ್ಟೆ ಹಿಡಿದು ಎತ್ತಿದ್ದು ಎಂದು ಕೇಳಿದರು, ಸಿಟ್ಟಿಲ್ಲದೆಯೇ. ಬಸವರಾಜ ನನ್ನ ಮುಖ ನೋಡಿದ. ನಾನು ಟೀಚರು — ನನ್ನ ಮರ್ಯಾದೆ — ತಲೆಯಲ್ಲಿದ್ದದ್ದು ಅಷ್ಟೇ. ನಿನ್ನ ಕಡೆ ಕೈ ತೋರಿಸಿ ಅಂದೆ:

“ಮುಂಜಾನೆ ಇಕೀನ ಎತ್ತಿಕೊಂಡಿದ್ಳು ಡಾಕ್ಟ್ರೆ. ಇಕಿಗೆ ಇನ್ನೂ ಕೂಸು ಹಿಡಿಯಾಕ ಬರಾಂಗಿಲ್ಲ.”

ಮುಂಜಾನೆ ಹಾಲು ಕುಡಿಸಲು ನೀನು ಎತ್ತಿಕೊಂಡಿದ್ದು ನಿಜವಾಗಿತ್ತಲ್ಲ, ನೀನೂ ನಂಬಿಬಿಟ್ಟೆ. ಆಮೇಲೆ ನೀನು ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬಿಟ್ಟುಕೊಂಡು, ಕೂಸನ್ನು ಯಾರಾದರೂ ತಂದು ಮಲಗಿಸಲಿ ಎಂದು ಕಾಯುತ್ತಿದ್ದೆ. ಬಸವರಾಜ ನಿನ್ನ ಕೈಗೆ ಕೊಡಲು ಹೆದರುತ್ತಿದ್ದ. ನಾನು ಪಕ್ಕದಲ್ಲಿ ಕೂತು ಮತ್ತೆ ಅದೇ ಪಾಠ ಹೇಳುತ್ತಿದ್ದೆ. ನಾಚಿಕೆಯಾಗುತ್ತದೆ.

ಇನ್ನೂ ಇದೆ. ನೀನು ಮತ್ತೆ ಕೆಲಸಕ್ಕೆ ಹೋಗುವ ಹೊತ್ತು ಬಂದಾಗ, ನಿಮ್ಮ ಕೈಯಲ್ಲೇ ಇರಲಿ ಅಕ್ಕಾರ ಎಂದು ನೀನಾಗಿಯೇ ಮಗಳನ್ನು ನನ್ನೊಂದಿಗೆ ಊರಿಗೆ ಕಳಿಸಿದೆ. ನನಗೆ ಮಕ್ಕಳಿಲ್ಲ. ಬೇಡವೆನ್ನಬಹುದಿತ್ತು — ಎನ್ನಲಿಲ್ಲ. ಬಸ್ಸಿನಲ್ಲಿ ಅವಳು ನನ್ನ ಎದೆಗೆ ಒರಗಿ ಮಲಗಿದಾಗ, ದೇವರಾಣೆ, ನಾನು ಸಂತೋಷಪಟ್ಟೆ. ಶಾಲೆಗೆ ಸೇರಿಸಲು ವಾಪಸು ತಂದುಬಿಟ್ಟ ದಿನ ಅವಳು ನನ್ನನ್ನು ಅವ್ವ ಎಂದು ಕರೆದು ಸೆರಗು ಹಿಡಿದು ಅತ್ತಳು. ನೀನು ಅವಳ ಬಟ್ಟೆಯ ಚೀಲ ಎತ್ತಿಕೊಂಡು ಒಳಗೆ ಹೋದೆ.

ಈಗ ನೀನು ಮತ್ತೆ ಬಸುರಿ. ಮೊನ್ನೆ ಫೋನಿನಲ್ಲಿ ಅಂದೆ: “ಈ ಸಲಾನೂ ನೀವ ಬರ್ರಿ ಅಕ್ಕಾರ. ನನ್ನ ಕೈ ಮ್ಯಾಲ ನನಗ ನಂಬಿಕಿಲ್ಲ.”

ಬರುತ್ತೇನೆ. ಹೆರಿಗೆಗೆ ಮುಂಚೆಯೇ ಬಂದು ಬಸವರಾಜನ ಎದುರು, ನಿನ್ನ ಮಗಳ ಎದುರು ಇದೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನನ್ನನ್ನು ಇರಿಸಿಕೊಳ್ಳುವುದೋ ಬಸ್ಸು ಹತ್ತಿಸುವುದೋ ನಿನಗೆ ಬಿಟ್ಟದ್ದು. ಒಂದು ಮಾತ್ರ ಈಗಲೇ ತಿಳಿದುಕೋ. ಆ ಮುಂಜಾನೆ ನನಗೆ ಎಚ್ಚರವಿತ್ತು ರೇಣುಕಾ. ನೀನು ಬಾಗಿ, ಕತ್ತಿನ ಕೆಳಗೆ ಕೈಯಿಟ್ಟು, ಕೂಸನ್ನು ಎತ್ತಿಕೊಂಡದ್ದನ್ನು ನಾನು ಮಲಗಿದಲ್ಲಿಂದಲೇ ನೋಡಿದ್ದೆ. ಎಲ್ಲಿಯೂ ತಪ್ಪಿರಲಿಲ್ಲ.