ಗೊರಬೆಯೊಳಗಿನ ಪ್ಲಾಸ್ಟಿಕ್

ನರಿಮೊಗರಿನಲ್ಲಿ ನಮ್ಮ ಗದ್ದೆಯಾಚೆ ಗೊರಬೆ ಮಾಡುವವರೊಬ್ಬರಿದ್ದರು. ಮಳೆಯಲ್ಲಿ ಭತ್ತದ ನೇಜಿ ನೆಡುವಾಗ ನಾವು ಹೆಂಗಸರು ತಲೆಯಿಂದ ಸೊಂಟದವರೆಗೆ ಕವುಚಿಕೊಳ್ಳುತ್ತಿದ್ದ, ಬಿದಿರ ಹೆಣಿಗೆಯ ನಡುವೆ ಓಲೆ ಇಟ್ಟು ಹೊಲಿದ ಹೊದಿಕೆ ಅದು. ಓಲೆ ನೀರು ಕುಡಿದು ಭಾರವಾಗಿ ಸಂಜೆಯಾಗುವಾಗ ನಮ್ಮ ಕುತ್ತಿಗೆ ಬಿದ್ದುಹೋಗುತ್ತಿತ್ತು.

ಹೊಸ ಗೊರಬೆಯನ್ನು ಅವರು ಮೊದಲು ತಾವೇ ಹೊದ್ದು ಅಂಗಳದಲ್ಲಿ ಬಗ್ಗುತ್ತಿದ್ದರು. ಹೆಂಡತಿ ಮೇಲಿಂದ ಕೊಡ ನೀರು ಸುರಿಯಬೇಕು. "ಬೆನ್ನು ಚಂಡಿ ಆಗ್ಬಾರ್ದು, ಅಷ್ಟೆ" ಎನ್ನುತ್ತಾ ಒದ್ದೆಯಾಗಿದೆಯೇ ಎಂದು ಬೆನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅರುವತ್ತರ ದಶಕದಲ್ಲಿ ಸವಣೂರಿನ ಅಂಗಡಿಗೆ ಪ್ಲಾಸ್ಟಿಕ್ ಹಾಳೆ ಬಂತು. ನಾನೂ ಒಂದನ್ನು ಕೊಂಡುತಂದೆ. ಇನ್ನು ಇವರ ಗೊರಬೆ ಯಾರಿಗೆ ಬೇಕು ಎಂಬ ಸಂಕಟದಲ್ಲೇ ಅವರಿಗೆ ತೋರಿಸಿದೆ.

"ಅಕ್ಕ, ಹೊದ್ದು ಒಮ್ಮೆ ಬಗ್ಗಿ ನೋಡುವ" ಎಂದರು.

ಬಗ್ಗಿದ್ದೇ ತಡ, ಹಾಳೆ ಜಾರಿ ಮುಖದ ಮೇಲೆ ಬಂತು. ಅಷ್ಟರಲ್ಲಿ ಅವರ ಹೆಂಡತಿ ಕೊಡ ಬಗ್ಗಿಸಿಯೇಬಿಟ್ಟಿದ್ದರು! ನಾನು ಪೂರಾ ಒದ್ದೆ.

"ಅದನ್ನು ಹಿಡ್ಕೊಂಡು ಕೂತ್ರೆ ನೇಜಿ ನೆಡುದು ಯಾರು?" ಎಂದು ಗೊರಬೆಯವರು ನಕ್ಕರು. ಆದರೆ ಹಾಳೆಯನ್ನು ಹಿಂದೆ ಕೊಡಲಿಲ್ಲ. ಅದರಲ್ಲಿ ನೀರು ತುಂಬಿಸಿ ಎತ್ತಿ ಹಿಡಿದರು. ಒಂದು ಹನಿ ಸೋರಲಿಲ್ಲ. ಹಳೆಯ ಗೊರಬೆಯೊಂದರ ಹೊಲಿಗೆ ಬಿಚ್ಚಿ, ಒಳಗಿನ ಓಲೆಗಳನ್ನೆಲ್ಲ ತೆಗೆದು, ಆ ಜಾಗದಲ್ಲಿ ನನ್ನ ಹಾಳೆಯನ್ನು ಹಾಸಿ ಹೊಲಿದರು. ತಲೆಗೆ ಇಟ್ಟುಕೊಂಡೆ. ಹೊರೆ ಇಳಿಸಿದ ಹಾಗಾಯಿತು.

ಮುಂದಿನ ವಾರ ಸವಣೂರಿನ ಅಂಗಡಿಯಲ್ಲಿ ನನಗಿಂತ ಮೊದಲೇ ಅವರು ನಿಂತಿದ್ದರು. ಹಾಳೆಗಳನ್ನು ಒಂದೊಂದಾಗಿ ಬೆರಳಲ್ಲಿ ತಿಕ್ಕಿ ನೋಡುತ್ತಾ ಅಂಗಡಿಯವರನ್ನು ಕೇಳುತ್ತಿದ್ದರು:

"ಇದಕ್ಕಿಂತಲೂ ಹಗುರದ್ದು ಯಾವಾಗ ಬರ್ತದೆ ಮಾರಾಯ್ರೆ?"