ಏಳು ಹಲ್ಲು ಬಿಟ್ಟು ಎಂಟು ಹಲ್ಲು

ಗಾವಡಗೆರೆಯಿಂದ ನಾವು ಹೊರಟದ್ದು ಮೇ ತಿಂಗಳ ಕೊನೆಯ ವಾರದ ಒಂದು ಬೆಳಿಗ್ಗೆ, ಆರೂವರೆಗೆ. ನಾವು ಎಂದರೆ ನಾನು, ನನ್ನ ಅಕ್ಕನ ಗಂಡ ರಾಜೇಗೌಡ ಭಾವ, ಮತ್ತು ನಮ್ಮಿಬ್ಬರಿಗೂ ಸೇರಿದ್ದ ಒಂದು ಹಳೆಯ ಲಾರಿ. ಮಿಲಿಟರಿಯವರು ಹರಾಜಿಗೆ ಹಾಕಿದ್ದನ್ನು ಕೊಂಡಿದ್ದೆವು. ನಾಲ್ಕೂ ಚಕ್ರಕ್ಕೆ ಎಳೆತವಿದ್ದ ಗಾಡಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಓಡಿಸಲು ಇಬ್ಬರಿಗೂ ಬರುತ್ತಿತ್ತು; ಆದರೂ ಭಾವ ಓಡಿಸುತ್ತಿದ್ದರು, ನಾನು ಬಾಡಿಗೆ ಹುಡುಕುತ್ತಿದ್ದೆ.

ಹಿಂದಿನ ವಾರ ಹಿಂಬದಿಯ ಕ್ರೌನ್-ಪಿನಿಯನ್ ಹಲ್ಲು ಮುರಿದಿತ್ತು. ಎಂಜಿನ್ನಿನಿಂದ ಬರುವ ಶಾಫ್ಟಿನ ತುದಿಯ ಸಣ್ಣ ಹಲ್ಲುಚಕ್ರವೇ ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನ್. ಭಾವ ಹಿಂದಿನ ಶಾಫ್ಟನ್ನೂ ಎಕ್ಸೆಲ್ ರಾಡುಗಳನ್ನೂ ಬಿಚ್ಚಿ ಲಾರಿಯೊಳಗೆ ಹಾಕಿದರು. ಮುಂದಿನ ಎರಡು ಚಕ್ರಗಳ ಎಳೆತದಲ್ಲೇ ಕೆ.ಆರ್. ನಗರದವರೆಗೆ ಹೋದೆವು. ಅಲ್ಲಿ ಬಸ್ ಸ್ಟ್ಯಾಂಡ್ ಎದುರು ಇಡ್ಲಿ ತಿಂದು, ದಾರಿಯ ಎರಡೂ ಬದಿ ನಾಲೆಯ ನೀರಿನ ಗದ್ದೆಗಳನ್ನು ನೋಡುತ್ತ ಮಿರ್ಲೆ ತಲುಪುವಾಗ ಹತ್ತು ಗಂಟೆ ದಾಟಿತ್ತು.

ಮಿರ್ಲೆಯಲ್ಲಿ ನಂಜಪ್ಪನವರ ಶೆಡ್ ಇತ್ತು. ಮಿಲಿಟರಿಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು, ಅರವತ್ತರ ಮೇಲಿನ ವಯಸ್ಸು. ನಮ್ಮ ಗಾಡಿಗೆ ಕೂರುವ ಸಾಮಾನು ಸುತ್ತಮುತ್ತ ಅವರೊಬ್ಬರ ಹತ್ತಿರವೇ ಸಿಗುತ್ತಿತ್ತು. ಗೋಣಿಚೀಲ ಹಾಸಿ ಅದರ ಮೇಲೆ ಎರಡು ಬಗೆಯ ಸೆಟ್ ಇಟ್ಟರು.

“ಇದು ಏಳು ಹಲ್ಲಿಗೆ ನಲವತ್ತೊಂದು ಹಲ್ಲು, ಈಗ ನಿಮ್ಮ ಗಾಡೀಲಿ ಇರಾದು ಇದೇ,” ಎಂದರು. “ಶಾಫ್ಟು ಎಚ್ಚುಕಮ್ಮಿ ಆರು ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ನಿಧಾನ, ಆದ್ರೆ ಎಳೀತದೆ. ಅದು ಎಂಟಕ್ಕೆ ಮೂವತ್ತೇಳು. ನಾಲ್ಕೂವರೆ ಚಿಲ್ಲರೆ ಸುತ್ತಿಗೇ ಚಕ್ರ ಒಂದು ಸುತ್ತು ಬತ್ತದೆ. ಓಡ್ತದೆ, ಎಳೆಯಾದು ಕಮ್ಮಿ.”

“ಎಂಟರದ್ದು ಹಾಕಿ,” ಎಂದೆ.

ಭಾವ ಕುಕ್ಕರುಗಾಲಿನಲ್ಲಿ ಕುಳಿತು ಏಳು ಹಲ್ಲಿನ ಪಿನಿಯನ್ನನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದರು. “ಸೋಮು, ಕೋಟೆ ತಾವ ನಮ್ಮಕ್ಕನ ಜ್ವಾಳ ಹಿನ್ನೀರಿಂದ ಆಚ್ಗೆ ತರ್ಬೇಕಲ್ಲ. ಮೆಕ್ಕಲು ಮಣ್ಣು. ಅಳೇದೇ ಇರ್ಲಿ ಕಣ.”

ಹೆಗ್ಗಡದೇವನಕೋಟೆಯ ಆಚೆ, ಕಬಿನಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ತೆರೆದುಕೊಳ್ಳುವ ನೆಲದಲ್ಲಿ ಅವರಕ್ಕ ಪುಟ್ಟಮ್ಮ ಬೆಳೆ ಇಡುತ್ತಿದ್ದರು. ವಯನಾಡಿನಲ್ಲಿ ಮಳೆ ಹಿಡಿದರೆ ನೀರು ಮತ್ತೆ ಏರುತ್ತದೆ. ಅಷ್ಟರೊಳಗೆ ಕಾಳು ಮೇಲೆ ಬರಬೇಕು. ಹಿಂದಿನ ಎರಡು ವರ್ಷ ನಮ್ಮ ಲಾರಿಯೇ ತಂದಿತ್ತು. ನನಗೆ ಅದೆಲ್ಲ ಗೊತ್ತಿತ್ತು. ಆದರೆ ಟಾರು ರಸ್ತೆಯಲ್ಲಿ ಎಲ್ಲ ಲಾರಿಗಳೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದದ್ದು, ನಿಧಾನವೆಂದು ನಮಗೆ ಲೋಡು ತಪ್ಪುತ್ತಿದ್ದದ್ದು ನನ್ನ ತಲೆ ತುಂಬಿತ್ತು.

“ನಿಮ್ಮಕ್ಕನ ಒಂದಿನದ ಕೆಲ್ಸಕ್ಕೆ ವರ್ಷ ಪೂರ್ತಿ ಎತ್ತಿನ ಗಾಡಿ ಥರ ಓಡ್ಸಾಕಾಯ್ತದಾ ಭಾವ?” ಎಂದುಬಿಟ್ಟೆ. ಹೊರಗಿನವರ ಮುಂದೆ ಹಾಗೆ ಅನ್ನಬಾರದಿತ್ತು. ಭಾವ ಪಿನಿಯನ್ನನ್ನು ಗೋಣಿಯ ಮೇಲಿಟ್ಟು ಕೈ ಒರೆಸಿಕೊಂಡರು.

ನಂಜಪ್ಪನವರು ನನ್ನ ಕಡೆ ನೋಡಿದರು. “ಟೈರು ಬೇರೆ ದೊಡ್ಡವು ಆಕ್ಸಿದ್ದೀರಿ, ಅದ್ರಿಂದ್ಲೇ ಎಳೆತ ಕಮ್ಮಿಯಾಗಿದೆ. ಕೆಸರಿಗೆ ಅಂತ ಇರೋ ಲೋ ಗೇರು ನಿಮ್ಮ ಗಾಡೀಲಿ ಸವೆದು ಹಾರ್ತದೆ. ಯೋಚ್ನೆ ಮಾಡಿ. ಹಿಂದ್ಲ ಚಕ್ರಕ್ಕೂ ಮುಂದ್ಲ ಚಕ್ರಕ್ಕೂ ಒಂದೇ ಲೆಕ್ಕ ಇರ್ಬೇಕು. ಎಂಟರದ್ದು ಬೇಕು ಅಂದ್ರೆ ಚೆನ್ನಾಗಿರೋ ಮುಂದ್ಲುದನ್ನೂ ಬಿಚ್ಚಬೇಕಾಯ್ತದೆ.”

“ಬಿಚ್ಚಿ,” ಎಂದೆ.

ಎರಡು ದಿನ ಹಿಡಿಯಿತು. ನಂಜಪ್ಪನವರ ಮನೆಯಲ್ಲೇ ಊಟ, ಜಗಲಿಯಲ್ಲೇ ಮಲಗುವುದು. ಭಾವ ಅವರ ಜೊತೆ ಲಾರಿಯಡಿ ಮಲಗಿ ಬೋಲ್ಟು ಬಿಗಿದರು. ನನಗೆ ಬೇಕಾದ ಗೇರನ್ನು ತಮ್ಮದೇ ಕೈಯಿಂದ ಕೂರಿಸಿದರು.

ಮೂರನೆಯ ದಿನ ಬೆಳಿಗ್ಗೆ ಅಲ್ಲೇ ಒಂದು ಲೋಡು ಸೌದೆ ಸಿಕ್ಕಿತು. ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ. ಬೆಟ್ಟದಪುರದ ಮೇಲೆ ಹೋದೆವು. ಮೋಡ ಮುಚ್ಚಿದ ತಂಪು ಹವೆ, ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ನೆಡುವವರ ಸಾಲು. ಲಾರಿ ಮೊದಲ ಸಲ ಕಿರುಚದೆ ಓಡಿತು. ಒಂದು ಬಸ್ಸನ್ನೂ ಹಿಂದೆ ಹಾಕಿದೆವು. ನಾನು ಗೆದ್ದವನಂತೆ, “ನೋಡಿದ್ರಾ ಭಾವ?” ಎಂದೆ. “ಓಡ್ತದೆ,” ಎಂದರು. ಏರು ಬಂದ ಕಡೆ ಮಾತ್ರ ಅವರು ಮೊದಲಿಗಿಂತ ಬೇಗ ಗೇರು ಇಳಿಸುತ್ತಿದ್ದುದನ್ನು ನಾನು ಕಂಡೂ ಕಾಣದವನಂತೆ ಕುಳಿತಿದ್ದೆ.

ಪಿರಿಯಾಪಟ್ಟಣದಲ್ಲಿ ಸೌದೆ ಇಳಿಸಿ ಮುದ್ದೆ ಉಂಡು ಹುಣಸೂರಿಗೆ ಬಂದು, ಅಲ್ಲಿಂದ ಕೋಟೆ ರಸ್ತೆ ಹಿಡಿದೆವು. ಪುಟ್ಟಮ್ಮನವರ ಊರು ಮುಟ್ಟಿದಾಗ ಮಧ್ಯಾಹ್ನ ಮೂರು. ಊರಿನಲ್ಲಿ ಬಿದ್ದದ್ದು ಬರೀ ತುಂತುರು. ಆದರೆ ವಯನಾಡಿನ ಕಡೆ ಎರಡು ದಿನದಿಂದ ಸುರಿಯುತ್ತಿತ್ತಂತೆ. ದಿಬ್ಬದ ಮೇಲೆ ನಿಂತು ನೋಡಿದರೆ, ಬಯಲಿನ ಅಂಚಿನಲ್ಲಿ ನೀರು ಸದ್ದಿಲ್ಲದೆ ಹೊಲದೊಳಕ್ಕೆ ಬರುತ್ತಿತ್ತು. ಜೋಳ ಬಿಡಿಸಿ ಮೂಟೆ ಕಟ್ಟಿ ಹೊಲದ ನಡುವೆ ಒಟ್ಟಿದ್ದರು, ನಲವತ್ತು ಮೂಟೆ. ಪುಟ್ಟಮ್ಮ ಸೆರಗು ಸಿಕ್ಕಿಸಿಕೊಂಡು ಮೂಟೆಗಳ ಪಕ್ಕದಲ್ಲೇ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ಆ ಹೊಲವನ್ನು ಅವರೊಬ್ಬರೇ ನಡೆಸುತ್ತಿದ್ದರು.

ಖಾಲಿ ಲಾರಿ ಇಳಿಯಿತು. ಮೂಟೆ ತುಂಬಿ ಹೊರಟಾಗ ನೂರು ಮಾರು ಬಂತೋ ಇಲ್ಲವೋ, ಎಂಜಿನ್ ಉಸಿರು ಕಟ್ಟಿದಂತೆ ನಿಂತಿತು. ಭಾವ ಮತ್ತೆ ಹಚ್ಚಿದರು. ಲೋ ಗೇರು ಹಾಕಿದರೆ ಟಕ್ ಎಂದು ಹಾರಿತು. ಅದಿಲ್ಲದೆ ನಿಧಾನವಾಗಿ ಎಳೆಯುವ ಶಕ್ತಿಯೇ ಗಾಡಿಗಿರಲಿಲ್ಲ. ಜೋರು ಕೊಟ್ಟರೆ ಚಕ್ರ ಸುತ್ತಿ ಕೆಸರಿಗೆ ಇಳಿಯುತ್ತಿತ್ತು, ಕಮ್ಮಿ ಕೊಟ್ಟರೆ ಎಂಜಿನ್ ಆಫ್ ಆಗುತ್ತಿತ್ತು. ಐದನೆಯ ಸಲಕ್ಕೆ ಕ್ಲಚ್ ಸುಟ್ಟ ವಾಸನೆ ಬಂತು.

ಭಾವ ಕೀಲಿ ತಿರುಗಿಸಿ ಇಳಿದರು. ಪಂಚೆ ಎತ್ತಿ ಕಟ್ಟಿ, ಒಂದು ಮೂಟೆ ಬೆನ್ನಿಗೆ ಹಾಕಿಕೊಂಡು ದಿಬ್ಬದ ಕಡೆ ನಡೆದರು. ನಾನೂ ಹೊತ್ತೆ. ಊರಿನವರು ಏಳೆಂಟು ಜನ ಬಂದರು. ಮೊಣಕಾಲುದ್ದ ಕೆಸರಿನಲ್ಲಿ ದಿಬ್ಬಕ್ಕೆ ಒಂದು ಸಲ ಹೋಗಿ ಬರುವುದಕ್ಕೆ ಕಾಲು ಗಂಟೆ ಬೇಕಿತ್ತು. ನೀರು ಲಾರಿಯ ತಳ ದಾಟಿ ಏರತೊಡಗಿದಾಗ ಪುಟ್ಟಮ್ಮನವರೇ ಸಾಕು ಎಂದರು. ಹತ್ತೊಂಬತ್ತು ಮೂಟೆ ಮೇಲೆ ಬಂದಿದ್ದವು. ಮಿಕ್ಕಿದ್ದು ಲಾರಿಯಲ್ಲೇ ನೆನೆಯಿತು.

ಸಂಜೆ ಪುಟ್ಟಮ್ಮ ನಮಗೆ ಬಿಸಿನೀರು ಕೊಟ್ಟು ಊಟಕ್ಕಿಟ್ಟರು. ಅನ್ನ ಬಡಿಸುತ್ತ ತಮ್ಮನನ್ನು ಕೇಳಿದರು: “ಏನ್ಲಾ ರಾಜ, ಹೋದ್ವರ್ಸ ಎಳ್ಕೊಂಡ್ ಬಂದಿತ್ತಲ್ಲ. ಮೂರು ಜನ ಎತ್ತಿನ್ ಗಾಡಿ ಕಟ್ಟತೀವಿ ಅಂದ್ರು, ನಮ್ ರಾಜ ಬತ್ತನೆ ಬ್ಯಾಡಿ ಅಂದೆ. ಏನಾಯ್ತು ನಿನ್ ಲಾರಿಗೆ?”

ನಾನು ತಲೆ ಎತ್ತಲಿಲ್ಲ. ಭಾವ ಹೇಳಲಿ ಎಂದು ಕಾದೆ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

“ಗೇರು ಆರ್ಸ್ಕೊಳಾದ್ರಲ್ಲಿ ತಪ್ಪಾಯ್ತು ಕಣಕ್ಕ,” ಎಂದರು ಭಾವ.

“ಅಷ್ಟು ವರ್ಸ ಓಡ್ಸೀಯೆ, ನಿಂಗೆ ತಿಳೀದಾ?”

“ತಿಳೀನಿಲ್ಲ.”

ಪುಟ್ಟಮ್ಮ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟು, “ನೀ ಉಣ್ಣಪ್ಪ, ಹೊತ್ತು ಹೊತ್ತು ಸಾಕಾಗಿದ್ದೀಯೆ,” ಎಂದರು. ನಾನು ಉಂಡೆ.

ಮಾರನೆಯ ದಿನ ನೀರು ಕೊಂಚ ತಗ್ಗಿದ ಮೇಲೆ ಮೂರು ಜೊತೆ ಎತ್ತು ಕಟ್ಟಿ ಲಾರಿ ಎಳೆಸಿದೆವು. ನೆನೆದ ಜೋಳವನ್ನು ಪುಟ್ಟಮ್ಮ ಅಂಗಳದಲ್ಲಿ ಹರಡುತ್ತಿದ್ದರು, ಬಿಸಿಲಿರಲಿಲ್ಲ. ಎಂಜಿನ್ ಒಣಗಿಸಿ, ಕ್ಲಚ್ಚನ್ನು ಹೇಗೋ ಹೊಂದಿಸಿಕೊಂಡು ಮಧ್ಯಾಹ್ನ ಹೊರಟೆವು. ಹುಣಸೂರಿನವರೆಗೆ ಭಾವ ಇಪ್ಪತ್ತೈದರ ಮೇಲೆ ಓಡಿಸಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ, “ಇಲ್ಲಿಂದ ನೀನೇ ತಕ್ಕೊಂಡೋಗು. ನಾ ಬಸ್ಸಲ್ಲಿ ಬತ್ತೀನಿ,” ಎಂದು ಇಳಿದರು.

ನಾನು ಸ್ಟೇರಿಂಗ್ ಕಡೆಗೆ ಸರಿದು ಕುಳಿತೆ. “ಭಾವ, ರಾತ್ರಿ ನಿಮ್ಮಕ್ಕನ ಮುಂದೆ ನಾನು ಹೇಳ್ಬೇಕಿತ್ತು.”

ಅವರು ಬಾಗಿಲು ಹಾಕಿ, ಸರಿಯಾಗಿ ಕೂತಿತೇ ಎಂದು ಎಳೆದು ನೋಡಿದರು. “ಹೇಳ್ಬೇಕಿತ್ತು ಕಣಪ್ಪ,” ಎಂದರು. ಕೋಪವಿರಲಿಲ್ಲ.

ಮುಂದಿನ ವರ್ಷ ನಾನೇ ಮಿರ್ಲೆಗೆ ಹೋಗಿ ಹಳೆಯ ಗೇರು ಹಾಕಿಸಿದೆ. ಭಾವ ಹಬ್ಬಕ್ಕೆ ಬಂದರು, ಮದುವೆಗೆ ಬಂದರು, ನನ್ನ ಜೊತೆ ಚೆನ್ನಾಗಿಯೇ ಮಾತಾಡಿದರು; ಆ ಲಾರಿಯನ್ನು ಮಾತ್ರ ಮತ್ತೆ ಹತ್ತಲಿಲ್ಲ. ಅವತ್ತು ಹುಣಸೂರಿನಲ್ಲಿ ಗಾವಡಗೆರೆಯ ಕಡೆ ತಿರುಗುವ ಮೊದಲು ಕನ್ನಡಿಯಲ್ಲಿ ನೋಡಿದೆ. ಭಾವ ಕೆಸರು ಒಣಗಿದ ಪಂಚೆಯಲ್ಲಿ ಜನರ ನಡುವೆ ನಿಂತಿದ್ದರು. ಅವರ ಮುಖ ಅಕ್ಕನ ಊರಿನತ್ತ, ಕೋಟೆಯ ರಸ್ತೆಯ ಕಡೆಗಿತ್ತು.