ಎಂಜಿನ್ನಿಗೆ ಹಚ್ಚಿದ ವಿಭೂತಿ

ರುದ್ರಪ್ಪನವರ ಹಣೆಯ ಮೇಲೆ ವಿಭೂತಿ ಕಂಡದ್ದು ಅಪರೂಪ. ಎಂಜಿನ್ನಿನ ಮೇಲೆ ಕಂಡದ್ದೇ ಹೆಚ್ಚು. ವಾಯುಪಡೆಯಿಂದ ನಿವೃತ್ತರಾದ ಈ ಮೆಕ್ಯಾನಿಕ್ ಅಜ್ಜಂಪುರದಿಂದ ಬೆಳಗಿನ ಬಸ್ಸು ಹಿಡಿದು, ಕಡೂರಿನ ಹೊರಗಿದ್ದ ನಮ್ಮ ಖಾಸಗಿ ರನ್‌ವೇಗೆ ಬರುತ್ತಿದ್ದರು. ಒಂದು ಜೇಬಿನಲ್ಲಿ ಟಾರ್ಚು, ಇನ್ನೊಂದರಲ್ಲಿ ವಿಭೂತಿ ಗಟ್ಟಿ. ನಾನು ಅಲ್ಲಿನ ಎರಡು ಸೀಟಿನ ಸರ್ವೆ ವಿಮಾನದ ಪೈಲಟ್. ಲಾಗ್‌ಬುಕ್ಕಿನಲ್ಲಿ ಅವರ ಸಹಿ ಬೀಳದೆ ವಿಮಾನ ನೆಲ ಬಿಡುವಂತಿರಲಿಲ್ಲ. ಆ ಸಹಿಗಾಗಿ ನಾನು ಕಾದಷ್ಟು ನಮ್ಮಮ್ಮ ನನ್ನ ಮದುವೆಗೂ ಕಾದಿಲ್ಲ.

ಒಮ್ಮೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ಜಿನುಗತೊಡಗಿತು. ರುದ್ರಪ್ಪನವರು ರಜೆಯಲ್ಲಿದ್ದರು. ಬದಲಿಗೆ ಬಂದವನು ಕೆಳಗಿನ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ ಹೋದ. ಮರುದಿನ ಮತ್ತೆ ಅದೇ ಜಾಗದಲ್ಲಿ ಹನಿ. ಅಂದೇ ಲಕ್ಕವಳ್ಳಿ ಹಿನ್ನೀರಿನ ಫೋಟೊ ತೆಗೆಯಬೇಕಿತ್ತು. ಫೋಟೊಗ್ರಾಫರ್ ಕ್ಯಾಮೆರಾ ನೇತುಹಾಕಿಕೊಂಡು ಕಾಯುತ್ತಿದ್ದ. ರಜೆ ಮುಗಿಸಿ ಬರುವ ಹಿರಿಯರ ಮುಂದೆ ಜಿಡ್ಡು ಎಂಜಿನ್ ಇಡುವುದು ಹೇಗೆಂದು ನಾನು ಬಟ್ಟೆ ತೆಗೆದುಕೊಂಡು ಫಳಫಳ ಒರೆಸಿಟ್ಟಿದ್ದೆ.

ರುದ್ರಪ್ಪನವರು ಬಂದು ಎಂಜಿನ್ನಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದರು.

“ಎಲ್ಲಾ ಒರಸ್ಬಿಟ್ಟಿದೀಯಲ್ಲಮ್ಮ. ಇನ್ನು ನಾನೇನ್ ನೋಡ್ಲಿ?”

“ಕೆಳಗಡೆನೇ ಸೋರ್ತಿರೋದು ರುದ್ರಪ್ಪಣ್ಣ. ನಾನೇ ನೋಡಿದೀನಿ.”

“ಆಯಿಲ್ ಕಂಡ ಕಡೆ ಲೀಕ್ ಹುಡುಕ್ಬ್ಯಾಡ ಕಣಮ್ಮ. ಗಾಳಿ ಅದನ್ನ ಎಲ್ಲಿಂದಾನೋ ತಳ್ಕೊಂಡ್ ಬಂದಿರ್ತದೆ. ಬಂದ ದಾರಿ ಹುಡುಕು.”

ವಿಭೂತಿಯನ್ನು ಪುಡಿ ಮಾಡಿ ತೆಳುಬಟ್ಟೆಯಲ್ಲಿ ಕಟ್ಟಿ ಎಂಜಿನ್ನಿನ ಮೈತುಂಬ ತಟ್ಟಿದರು. ಪೂಜೆಯೆಂದುಕೊಂಡು ಫೋಟೊಗ್ರಾಫರ್ ಬೂಟು ಬಿಚ್ಚಿ ಕೈಮುಗಿದ. ನಾನು ನೆಲದಲ್ಲೇ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದೆ. ಎಲ್ಲ ಬೆಳ್ಳಗೇ ಇತ್ತು. ಸಹಿ ಹಾಕಿ ಎಂದೆ.

“ಆಯಿಲ್ ಇನ್ನೂ ಕಾದಿಲ್ಲ. ಮತ್ತೆ ಓಡ್ಸು.”

ನನಗೆ ಮೈಯೆಲ್ಲ ಉರಿಯಿತು. ಮತ್ತೆ ಹದಿನೈದು ನಿಮಿಷ ಓಡಿಸಿ, ಕೊನೆಗೆ ಪೂರ್ತಿ ವೇಗ ಕೊಟ್ಟೆ. ಈ ಸಲ ಬಿಳುಪಿನ ಮೇಲೆ ಸಣ್ಣದೊಂದು ಒದ್ದೆ ಗೆರೆ ಮೂಡಿತ್ತು. ಅವರ ಟಾರ್ಚು ಆ ಗೆರೆ ಹಿಡಿದು ಮೇಲಕ್ಕೆ, ಮುಂದಕ್ಕೆ ಹೋಗಿ, ಆಯಿಲ್ ತಣಿಸುವ ಕೂಲರಿನ ರಬ್ಬರ್ ಪೈಪಿನ ಹತ್ತಿರ ನಿಂತಿತು. ಪೈಪನ್ನು ಚೂರು ಬಗ್ಗಿಸಿದರು. ಅದು ಬಾಯಿ ಬಿಟ್ಟಿತು.

“ಇದು ಹಿನ್ನೀರಿನ ಮೇಲೆ ಒಡೆದಿದ್ರೆ ಆಯಿಲ್ಲೆಲ್ಲ ಹೋಗಿ ಎಂಜಿನ್ ಜಾಮ್ ಆಗೋದು. ಅತ್ತ ಕಾಡು, ಇತ್ತ ನೀರು. ಎಲ್ಲಿ ಇಳಿಸ್ತಿದ್ದೆ?”

ಫೋಟೊಗ್ರಾಫರನಿಗೆ ಕ್ಯಾಮೆರಾ ಕೆಳಗಿಡಲು ಹೇಳಿದೆ. ಹೊಸ ಪೈಪು ಬರುವವರೆಗೆ ಮೂರು ದಿನ ವಿಮಾನ ಅಲ್ಲೇ ನಿಂತಿತು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಎಡಭುಜ ತಿಕ್ಕಿಕೊಳ್ಳುತ್ತ ಬಂದರು. ಆ ಚಳಿಯಲ್ಲೂ ಹಣೆ ಬೆವೆತಿತ್ತು. “ಬಸ್ಸಲ್ಲಿ ಕಂಬಿ ಹಿಡ್ಕೊಂಡ್ ನಿಂತಿದ್ದೆ. ಉಳುಕಿರ್ಬೇಕು” ಎಂದರು. ನನಗೆ ಹೊರಡುವ ಆತುರ. ಮುಲಾಮು ತಂದು, ಅವರ ಕೈಗೆ ನಿಲುಕದ ಜಾಗಕ್ಕೂ ಹಚ್ಚಿ, ಲಾಗ್‌ಬುಕ್ ಮುಂದಿಟ್ಟೆ. ಎಂಜಿನ್ ಎಲ್ಲ ನೋಡಿಯೇ ಸಹಿ ಹಾಕಿದರು. ತರೀಕೆರೆ ಕಡೆ ಹಾರಿ ನಾನು ಇಳಿಯುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದಿದ್ದರು. ಆ ನೋವು ಭುಜದ್ದಲ್ಲ, ಹೃದಯದ್ದು ಎಂದರು ಡಾಕ್ಟರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣಿಗಿಡುವ ಮುನ್ನ ಅವರ ಹಣೆ ತುಂಬ ವಿಭೂತಿ ಬಳಿದಿದ್ದರು. ನೋವು ಕಂಡ ಕಡೆ ಮುಲಾಮು ಹಚ್ಚಿದವಳು ನಾನು. ಬಂದ ದಾರಿ ಹುಡುಕಲಿಲ್ಲ.